ಒಂಬತ್ತು ನಿಮಿಷದ ಬುತ್ತಿ

ಕಣ್ಣು ಪೂರ್ತಿ ಹೋಗುವ ಮುನ್ನ ಒಂಬತ್ತು ನಿಮಿಷದ ನೋಟವನ್ನು ಬುತ್ತಿ ಕಟ್ಟಿಕೊಳ್ಳಬಹುದು ಎಂದಾದರೆ ನೀವು ಏನನ್ನು ಕಟ್ಟಿಕೊಳ್ಳುತ್ತೀರಿ?

ಹನ್ನೊಂದು ವರ್ಷಗಳಿಂದ ಈ ಪ್ರಶ್ನೆ ಕೇಳುವುದೇ ನನ್ನ ಕೆಲಸ. ಹುಬ್ಬಳ್ಳಿಯ ನಮ್ಮ ಕೇಂದ್ರದ ಬಾಗಿಲ ಮೇಲೆ ‘ವಂಶಪಾರಂಪರ್ಯ ನೇತ್ರರೋಗಗಳ ಸಮಾಲೋಚನಾ ವಿಭಾಗ’ ಎಂದು ಉದ್ದನೆಯ ಫಲಕವಿದೆ. ಅದನ್ನು ಪೂರ್ತಿ ಓದುವಷ್ಟು ಕಣ್ಣಿರುವವರು ನಮ್ಮಲ್ಲಿಗೆ ಬರುವುದೇ ಕಡಿಮೆ. ಜನ ‘ಬುತ್ತಿ ದವಾಖಾನಿ’ ಎನ್ನುತ್ತಾರೆ, ನಮಗೂ ಅದೇ ರೂಢಿಯಾಗಿದೆ. ನಾನು ಇಂದುಮತಿ ಹಂಪಿಹೊಳಿ, ಆ ವಿಭಾಗದ ಮುಖ್ಯಸ್ಥೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು ಎಂದು ನನ್ನ ಬೆನ್ನ ಹಿಂದೆ ಹೇಳುತ್ತಾರಂತೆ. ಎದುರಿಗೆ ಹೇಳಿದರೂ ನಾನು ಇಲ್ಲವೆನ್ನುವುದಿಲ್ಲ.

ಬುತ್ತಿ ಎಂದರೆ ಕ್ಯಾಮೆರಾ ಅಲ್ಲ. ಕಣ್ಣಿನ ಹಿಂಪರದೆ ತಾನು ಕಂಡದ್ದನ್ನು ಸಣ್ಣ ಸಣ್ಣ ವಿದ್ಯುತ್ ಮಿಡಿತಗಳಾಗಿ ಮಾಡಿ ಮಿದುಳಿಗೆ ಕಳಿಸುತ್ತದೆ. ಒಬ್ಬೊಬ್ಬರ ಕಣ್ಣಿನ ಲಿಪಿ ಒಂದೊಂದು. ನನ್ನದನ್ನು ನಿಮ್ಮ ಮಿದುಳು ಓದಲಾರದು. ಇರುಳುಗುರುಡಿನಿಂದ ಶುರುವಾಗಿ ಪೂರ್ತಿ ಕತ್ತಲೆಗೆ ಒಯ್ಯುವ ಈ ವಂಶದ ರೋಗಗಳಲ್ಲಿ ಸಾಯುವುದು ಬೆಳಕು ಹಿಡಿಯುವ ಕೋಶಗಳು ಮಾತ್ರ. ಸುದ್ದಿ ಒಯ್ಯುವ ನರ ಬಹುಕಾಲ ಬದುಕಿರುತ್ತದೆ, ಕಾಗದವೇ ಬಾರದ ಊರಿನ ಅಂಚೆಯವನ ಹಾಗೆ. ಆ ನರದ ಬಾಯಿಗೆ ನಾವೊಂದು ತೆಳುವಾದ ಪೊರೆ ಕೂರಿಸುತ್ತೇವೆ. ಕಣ್ಣು ಕಾಣುತ್ತಿರುವಾಗ ಅದು ಒಂಬತ್ತು ನಿಮಿಷದ ಮಿಡಿತವನ್ನು ಹಿಡಿದಿಡುತ್ತದೆ. ಕಣ್ಣು ಹೋದ ಮೇಲೆ ಕಿವಿಯ ಹಿಂದಿನ ಗುಂಡಿ ಒತ್ತಿದರೆ ಅದನ್ನೇ ಮತ್ತೆ ನರಕ್ಕೆ ಉಣಿಸುತ್ತದೆ. ಎಷ್ಟು ಸಲ ಬೇಕಾದರೂ, ಹೆಸರು ಹೇಳಿ ಬೇಕಾದ ಭಾಗವನ್ನಷ್ಟೇ ನೋಡಬಹುದು. ಬರೆಯುವುದು ಮಾತ್ರ ಒಂದೇ ದಿನ, ಒಂದೇ ಸಲ. ಹೆಪ್ಪಾದ ಹಾಲು ತಿರುಗಿ ಹಾಲಾಗುವುದಿಲ್ಲವಲ್ಲ, ಹಾಗೆ.

ಏನೇನು ಕಟ್ಟಿಕೊಂಡು ಹೋಗಿದ್ದಾರೆ ಜನ! ಕೊಪ್ಪಳದ ಪೈಲ್ವಾನನೊಬ್ಬ ನಾಲ್ಕು ನಿಮಿಷ ಕುಸ್ತಿ, ಐದು ನಿಮಿಷ ತನ್ನ ಎಮ್ಮೆ. ಗೋಕಾಕದ ನಿವೃತ್ತ ಮಾಸ್ತರರು ಒಂಬತ್ತಕ್ಕೆ ಒಂಬತ್ತೂ ಜಲಪಾತ ನೋಡಿ, ಆಮೇಲೆ ಸದ್ದೇ ಇಲ್ಲವೆಂದು ನನ್ನ ಮೇಲೆ ತಕರಾರು ಬರೆದರು. ಒಬ್ಬ ಹೆಂಡತಿ ಗಂಡನ ಬೆನ್ನ ಹಿಂದೆ ಬಂದು, “ಅದರಾಗ ನಾ ಅದೇನಿ ಏನ್ರಿ?” ಎಂದು ಕೇಳಿದಳು. ಬರೆಯುವಾಗ ನಾನು ಅಲ್ಲೇ ಇದ್ದೆ; ಚಹಾದ ಕಪ್ಪು ಹಿಡಿದು ಆ ಕಡೆಯಿಂದ ಈ ಕಡೆಗೆ ಹೋಗುವ ಹನ್ನೊಂದು ಸೆಕೆಂಡು ಅವಳಿದ್ದಳು. ಅದನ್ನು ನಾನು ಹೇಳಲಿಲ್ಲ.

ಏನನ್ನು ಎಂಬುದು ಅವರ ಪಾಲಿನ ಪ್ರಶ್ನೆ. ಯಾವಾಗ ಎಂಬುದು ನಮ್ಮದು. ರಕ್ತದ ಪರೀಕ್ಷೆಯಿಂದ ಯಾವ ವಂಶವಾಹಿ ಕೆಟ್ಟಿದೆ ಎಂದು ತಿಳಿಯುತ್ತದೆ, ಆದರೆ ಕಣ್ಣು ಎಷ್ಟು ವರ್ಷಕ್ಕೆ ಹೋಗುತ್ತದೆ ಎಂದು ತಿಳಿಯುವುದಿಲ್ಲ. ಅದು ಮನೆತನದಿಂದ ಮನೆತನಕ್ಕೆ ಬೇರೆ. ಅದಕ್ಕೇ ಇಷ್ಟೆಲ್ಲ ಯಂತ್ರಗಳಿದ್ದರೂ ನಾವು ಈಗಲೂ ಹಾಳೆಯ ಮೇಲೆ ವಂಶವೃಕ್ಷ ಬರೆಯುತ್ತೇವೆ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ಕಣ್ಣು ಹೋದವರ ಚೌಕ, ಸೊನ್ನೆಗಳಿಗೆ ಕಪ್ಪು ತುಂಬುತ್ತೇವೆ. ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಜೋಡಿ ಗೆರೆ. ಯಾರ್ಯಾರಿಗೆ ಎಷ್ಟೆಷ್ಟನೇ ವರ್ಷಕ್ಕೆ ಹೋಯಿತು ಎಂಬುದನ್ನು ಹಾಕಿದರೆ ಗಣಕಯಂತ್ರ ಗಡುವು ಹೇಳುತ್ತದೆ. ಹೇಳುವವರು ಹಿರಿಯರು, ಬರೆಯುವವಳು ನಾನು.

ಗುಳೇದಗುಡ್ಡದ ಬನಶ್ರೀ ಬಂದಾಗ ಅವಳಿಗೆ ಇಪ್ಪತ್ತಾರು ವರ್ಷ, ಬಸುರಿಗೆ ನಾಲ್ಕನೇ ತಿಂಗಳು. ಜೊತೆಗೆ ಗಂಡ ಮುತ್ತುರಾಜ, ಅವಳ ಸೋದರಮಾವನೇ. ಜೊತೆಗೇ ಬಂದಿದ್ದ ಅವನ ತಾಯಿ ಸಾವಂತ್ರೆವ್ವ ಬನಶ್ರೀಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು; ಬನಶ್ರೀ ಕರೆಯುವುದು ‘ಆಯಿ’ ಎಂದು. ಬನಶ್ರೀ ಹುಟ್ಟಿದ ಎರಡು ವರ್ಷಕ್ಕೆ ತಾಯಿ ತೀರಿಕೊಂಡಿದ್ದರಿಂದ ಸಾಕಿದವಳೂ ಅವಳೇ. ಮನೆಯಲ್ಲಿ ಕುಬಸದ ಖಣ ನೇಯುವ ಕಸುಬು. ಬನಶ್ರೀ ಉಟ್ಟಿದ್ದ ಸೀರೆಗೆ ತಾನೇ ನೇಯ್ದ ಸೂಜಿಮಲ್ಲಿಗೆ ಖಣದ ಕುಬಸ ತೊಟ್ಟಿದ್ದಳು.

“ಈಗ ಎಷ್ಟು ಕಾಣತೈತಿ?” ಎಂದು ಕೇಳಿದೆ.

“ನಡುಮಧ್ಯಾಹ್ನಕ್ಕ ಒಂದು ಊಟದ ತಾಟಿನಷ್ಟು ರೀ. ಅಂಚಿನ ಹೊರಗ ಏನೂ ಇಲ್ಲ. ಸಂಜಿ ಆತಂದ್ರ ಅದೂ ಇಲ್ಲ,” ಎಂದಳು. ದೂರು ಹೇಳುವ ದನಿಯಲ್ಲ, ಬಟ್ಟೆಯ ಅಳತೆ ಹೇಳುವ ದನಿ.

“ಬುತ್ತಿಯೊಳಗ ಏನ್ ಕಟ್ಟಗೋತಿ?”

ಇದಕ್ಕೆ ಜನ ಸಾಮಾನ್ಯವಾಗಿ ವಾರಗಟ್ಟಲೆ ಯೋಚಿಸುತ್ತಾರೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. “ಇದರ ಮಾರಿ. ಒಂಬತ್ತೂ ನಿಮಿಷ ಇದಕ್ಕ.”

ದೋಷ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಈ ರೋಗ; ಅವಳ ಗಂಡನ ರಕ್ತದಲ್ಲಿ ಆ ದೋಷ ಇರಲಿಲ್ಲ. ಅಂದರೆ ಮಗುವಿನ ಕಣ್ಣಿಗೆ ಏನೂ ಆಗುವುದಿಲ್ಲ. ಇದನ್ನು ಹೇಳಿದಾಗ ಮೂವರೂ ಒಟ್ಟಿಗೆ ಉಸಿರು ಬಿಟ್ಟರು. ಇನ್ನು ಉಳಿದದ್ದು ಒಂದೇ ಪ್ರಶ್ನೆ: ಹೆರಿಗೆಯ ತನಕ ತಾಯಿಯ ಕಣ್ಣು ಉಳಿಯುತ್ತದೆಯೇ?

ಹಾಳೆ ತೆಗೆದು ಬರೆಯತೊಡಗಿದೆ. ಸಾವಂತ್ರೆವ್ವ ಹೇಳುತ್ತ ಹೋದಳು. ಅವಳ ಮೈದುನನಿಗೆ ಕಣ್ಣು ಹೋದದ್ದು ನಲವತ್ತನೇ ವರ್ಷಕ್ಕೆ. ಅವನ ಚೌಕಕ್ಕೆ ಕಪ್ಪು ತುಂಬಿದೆ. ಹಿರಿಯ ಮಗಳು ರತ್ನವ್ವನಿಗೂ ಕಣ್ಣಿಲ್ಲ ಎಂದಾಗ ಪೆನ್ನು ಎತ್ತಿದೆ.

“ಅಕೀದು ಬ್ಯಾರೆ ರೀ ಅಕ್ಕಾರ. ಅಕೀಗೆ ಅಮ್ಮ ಬಂದು ಕಣ್ಣ ಹೋದವು. ಸಿಡುಬು,” ಎಂದಳು ಸಾವಂತ್ರೆವ್ವ.

“ಹುಟ್ಟಿದ್ದು ಯಾವಾಗ?”

“ಎಂಬತ್ತೆಂಟರಾಗ. ಈಗ ಐವತ್ತಾರು.”

ರತ್ನವ್ವನ ಸೊನ್ನೆಯನ್ನು ಖಾಲಿ ಬಿಟ್ಟೆ. ಪಕ್ಕದಲ್ಲಿ ‘ಸಿಡುಬು, ಜನನ 1988’ ಎಂದು ನನ್ನ ಕೈಯಾರೆ ಬರೆದೆ. ವಂಶದ ರೋಗವಲ್ಲದ ಮೇಲೆ ಅದು ಲೆಕ್ಕಕ್ಕಿಲ್ಲ. ಗಣಕಯಂತ್ರ ಬನಶ್ರೀಗೆ ಇನ್ನೂ ಆರೇಳು ವರ್ಷ ಕೊಟ್ಟಿತು. ಆ ವಾರವೇ ಪೊರೆ ಕೂರಿಸಿದೆವು. “ಬರೆಯೋದು ಹೆರಿಗಿ ಆದ ಮ್ಯಾಲೆ. ಕೂಸು ಕಣ್ಣು ಬಿಟ್ಟು ನಿನ್ನ ನೋಡಾಕ ಹತ್ತಲಿ, ಆವಾಗ ಬಾ. ಅವಸರ ಏನೂ ಇಲ್ಲ,” ಎಂದೆ.

“ನೀವು ಹೇಳೀರಂದ್ರ ಮುಗೀತು ಬಿಡ್ರಿ,” ಎಂದಳು ಬನಶ್ರೀ.

*

ನನ್ನ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಇದೇ ರೋಗ. ಆಗ ಬುತ್ತಿಯೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ನಾನು ಒಂಬತ್ತು ವರ್ಷದವಳಿದ್ದಾಗ ಒಂದು ದಿನ ದುರ್ಗದಬೈಲಿನ ಪೇಟೆಯಿಂದ ನನಗೆ ರಿಬ್ಬನ್ನು ತಂದ. ಕೆಂಪು ಹೇಳಿದ್ದೆ, ಹಸಿರು ತಂದಿದ್ದ. ನಾನು ಗಲ್ಲ ಉಬ್ಬಿಸಿಕೊಂಡು ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಅವನಿಗೆ ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ ಎಂದು ನನಗೇನು ಗೊತ್ತು. ಆ ವಾರದಲ್ಲೇ ಉಳಿದ ಬೆಳಕೂ ಹೋಯಿತು.

ಆಮೇಲೆ ಅಪ್ಪ ಇಪ್ಪತ್ತೆರಡು ವರ್ಷ ಬದುಕಿದ. ನಾನು ಡಾಕ್ಟರಾದದ್ದು, ಮದುವೆ ಬೇಡವೆಂದದ್ದು, ಮೊದಲ ನರೆಗೂದಲು ಬಂದದ್ದು ಎಲ್ಲವೂ ಅವನಿಗೆ ಕಿವಿಯ ಸುದ್ದಿ. “ನಿನ್ನ ನೆನಸಿಕೊಂಡ್ರ ಸಾಕು, ಗಲ್ಲ ಉಬ್ಬಿಸ್ಕೊಂಡು ಮುಂದ ಬಂದು ನಿಂದರತೀ ನೋಡು,” ಎಂದು ನಗುತ್ತಿದ್ದ. ಅಪ್ಪ ಇನ್ನೊಂದೇ ಒಂದು ಸಲ ನನ್ನನ್ನು ನೋಡಿದ್ದರೆ, ನಾನು ನಗುತ್ತಿದ್ದಾಗ ನೋಡಿದ್ದರೆ ಎಂಬ ಆಸೆ ಅವನು ಹೋಗಿ ಇಷ್ಟು ವರ್ಷವಾದರೂ ಹೋಗಿಲ್ಲ. ಅದಕ್ಕೇ ಮುಖಗಳನ್ನು ಬರೆಯಲೆಂದು ನಮ್ಮಲ್ಲಿರುವ ಕೋಣೆಯಲ್ಲಿ ನನ್ನದೊಂದು ನಿಯಮವಿದೆ. ಯಾರೇ ನೋಟಕ್ಕೆ ಕೂತರೂ ಗಾಜಿನಾಚೆಯಿಂದ ಮೈಕಿನಲ್ಲಿ ನಾನು ಹೇಳುವ ಮೊದಲ ಮಾತು, “ನಗ್ರಿ.” ಇದು ಯಾವ ಕೈಪಿಡಿಯಲ್ಲೂ ಇಲ್ಲ.

ಈಗ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಭಾನುವಾರ ಬೆಳಿಗ್ಗೆ ಅವ್ವನಿಗೆ ನಾನೇ ಎಣ್ಣೆ ಹಚ್ಚಿ ನೀರು ಹಾಕುತ್ತೇನೆ. ಮಾರ್ಚಿಯ ಒಂದು ಭಾನುವಾರ ಹಿತ್ತಲಲ್ಲಿ ಮಣೆಯ ಮೇಲೆ ಕೂರಿಸಿ ಮುಂಗೈಗೆ ಎಣ್ಣೆ ತಿಕ್ಕುತ್ತಿದ್ದೆ. ಬಿಸಿಲು ಬಿದ್ದು ಚರ್ಮ ಹೊಳೆಯುತ್ತಿತ್ತು. ಅಲ್ಲಿ ಎರಡು ದುಂಡನೆಯ ಕಲೆ, ಹಳೆಯ ನಾಣ್ಯದಷ್ಟು.

“ಇವು ಎಲ್ಲೀವು ಅವ್ವಾ?”

“ನಿನಗಿಲ್ಲೇನು? ಹೌದಲಾ, ನಿನಗೆಲ್ಲಿಂದ ಬರಬೇಕು. ಸಿಡುಬಿಂದು ಸೂಜಿ. ನಾವು ಸಣ್ಣಾವರಿದ್ದಾಗ ಸಾಲಿಗೆ ಬಂದು ಚುಚ್ಚತಿದ್ರು. ನನ್ನ ತಮ್ಮಗ ಚುಚ್ಚಿದ್ದೇ ಕಡೀದು. ಆಮ್ಯಾಲೆ ರೋಗಾನ ಇಲ್ಲ ಅಂದ ಮ್ಯಾಲೆ ಯಾರಿಗೆ ಚುಚ್ಚತಾರ?”

ನನ್ನ ಕೈ ನಿಂತಿತು. ಸಿಡುಬು ಈ ದೇಶದಿಂದ ಹೋದದ್ದು ಎಪ್ಪತ್ತೈದರಲ್ಲಿ. ಅದನ್ನು ನಾನು ಪರೀಕ್ಷೆಗೆ ಓದಿ ಅಂಕ ತೆಗೆದುಕೊಂಡವಳು. ಎಂಬತ್ತೆಂಟರಲ್ಲಿ ಹುಟ್ಟಿದ ರತ್ನವ್ವನಿಗೆ ಸಿಡುಬು ಎಲ್ಲಿಂದ ಬರಬೇಕು?

“ಏನಾತ ಇಂದೂ? ಎಣ್ಣಿ ಆರತೈತಿ.”

ಅವ್ವನನ್ನು ಹಾಗೆಯೇ ಮಣೆಯ ಮೇಲೆ ಬಿಟ್ಟು, ಎಣ್ಣೆಗೈಯಲ್ಲೇ ಒಳಗೆ ಹೋಗಿ ಬನಶ್ರೀಯ ಹಾಳೆ ತೆಗೆದೆ. ರೋಗವನ್ನೂ ಇಸವಿಯನ್ನೂ ಅಕ್ಕಪಕ್ಕ ಬರೆದಿದ್ದೆ, ನನ್ನದೇ ಅಕ್ಷರ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ. ಸಾವಂತ್ರೆವ್ವ ಸುಳ್ಳು ಹೇಳಿದ್ದಳು, ನಿಜ. ಆದರೆ ಸುಳ್ಳನ್ನು ಹಿಡಿಯಲೆಂದೇ ಸಂಬಳ ತೆಗೆದುಕೊಳ್ಳುವವಳು ನಾನು. ಬನಶ್ರೀಗೆ ಆಗ ಏಳು ತಿಂಗಳು ತುಂಬುತ್ತಿತ್ತು.

*

ಸೋಮವಾರ ಗುಳೇದಗುಡ್ಡಕ್ಕೆ ನಾನೇ ಕಾರು ಓಡಿಸಿಕೊಂಡು ಹೋದೆ. ಓಣಿಗೆ ಇಳಿದರೆ ಮನೆಮನೆಯಿಂದಲೂ ಮಗ್ಗದ ಸದ್ದು. ಮುತ್ತುರಾಜ ಕುಣಿಮಗ್ಗದಿಂದ ಎದ್ದು ಬಂದು ಚಾಪೆ ಹಾಸಿದ. ಒಳಗಿನ ಕಂಬಕ್ಕೆ ಒರಗಿ ನೂಲು ಸುತ್ತುತ್ತ ಕೂತಿದ್ದ ಹೆಂಗಸೇ ರತ್ನವ್ವ. ಗಲ್ಲ, ಹಣೆ, ಮೂಗು ಎಲ್ಲ ತೊಳೆದಿಟ್ಟ ಹಾಗಿತ್ತು. ಸಿಡುಬು ಬಂದ ಮುಖವಂತೆ, ಅದರಲ್ಲಿ ಒಂದೇ ಒಂದು ಕಲೆ ಇರಲಿಲ್ಲ.

“ರತ್ನಕ್ಕಾ, ನಿಮ್ಮ ಕಣ್ಣು ಹೋದದ್ದು ಯಾವಾಗ್ರಿ?” ಎಂದು ಕೇಳಿದೆ.

ಅಡುಗೆಮನೆಯ ಬಾಗಿಲಲ್ಲಿ ಸಾವಂತ್ರೆವ್ವ ನಿಂತಿದ್ದಳು. ರತ್ನವ್ವ ಆ ಕಡೆಗೆ ಮುಖ ತಿರುಗಿಸಿದಳು. “ಹೇಳಲೇನ ಬೇ?” ಎಂದಳು. ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು. “ಇಪ್ಪತ್ತಾರು ವರ್ಷದಾಕಿ ಇದ್ದಾಗ ರೀ. ಬಸುರಿ ಇದ್ದೆ. ಏಳನೇ ತಿಂಗಳಾಗ ಮಬ್ಬಾತು, ಎಂಟರಾಗ ದೀಪ ಆರಿಸಿದಂಗ ಆತು. ಕೂಸೂ ಉಳೀಲಿಲ್ಲ. ಗಂಡ ತಿರುಗಿ ಕರಕೊಳ್ಳಲಿಲ್ಲ.”

ಬನಶ್ರೀ ಅಲ್ಲೇ ಕೂತಿದ್ದಳು. ತೊಡೆಯ ಮೇಲೆ ಮಡಿಸಿಟ್ಟ ಖಣವನ್ನು ಬೆರಳಿನಲ್ಲಿ ಸವರುತ್ತಿದ್ದಳು, ನೋಡುತ್ತಿರಲಿಲ್ಲ. ಅವಳ ಮುಂದೆ ಕೂತು ಕೇಳಿದೆ, “ಬನಶ್ರೀ, ನಿನಗ ಈಗ ಎಷ್ಟು ಕಾಣತೈತಿ? ಖರೇ ಹೇಳು.”

“ಕೈಬಳಿಯಷ್ಟು ರೀ,” ಎಂದಳು ಮೆಲ್ಲಗೆ. “ಹದಿನೈದು ದಿನದಾಗ ಭಾಳ ಸಣ್ಣದಾತು. ರಕ್ತ ಕಮ್ಮಿ ಇದ್ರ ಹಂಗ ಆಗತೈತಿ ಅಂತ ಆಯಿ ಅಂದ್ಲು.”

ನನಗೆ ರೇಗಿತು. ಎದ್ದು ಸಾವಂತ್ರೆವ್ವನ ಎದುರು ನಿಂತೆ. “ಗೊತ್ತಿದ್ದೂ ಯಾಕ ಮುಚ್ಚಿಟ್ರಿ? ನಾಲ್ಕರಾಗ ಬಂದಾಗ ಇದೊಂದು ಮಾತು ಹೇಳಿದ್ರ ಅಕಿ ಬ್ಯಾರೆ ಏನಾರ ವಿಚಾರ ಮಾಡತಿದ್ಲು!”

ಮುದುಕಿ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. “ಮೂವತ್ತು ವರ್ಷ ಅದನ್ನ ಹೇಳಕೋಂತ ಬಂದೇನ್ರಿ ಅಕ್ಕಾರ, ಸಿಡುಬು, ಸಿಡುಬು ಅಂತ. ಇಲ್ಲಂದ್ರ ನಮ್ಮ ಮನಿ ಹೆಣ್ಣ ಯಾರ ಒಯ್ಯತಿದ್ರು? ಹೇಳಿ ಹೇಳಿ ನನಗೂ ಖರೇನ ಅನಸಾಕ ಹತ್ತಿತ್ತು. ಈ ಕೂಸಿಗೆ ಸಂಜಿಮುಂದ ಕಾಣಂಗಿಲ್ಲ ಅಂತ ಗೊತ್ತಾದ ದಿನಾನ ಹೊರಗ ಕೊಡೂದು ಬ್ಯಾಡ ಅಂತ ನನ್ನ ಮಗಗ ತಂದುಕೊಂಡೆ. ನಮ್ಮದು ನಮ್ಮ ಮನ್ಯಾಗ ಇರಲಿ, ಯಾರೂ ಹಂಗಸೂದು ಬ್ಯಾಡ ಅಂತ.”

ಅವಳ ಮಾತಿನಲ್ಲಿ ಒಂದಿಷ್ಟೂ ಕೇಡಿರಲಿಲ್ಲ. ಅಂದು ಅದು ನನ್ನ ತಲೆಗೆ ಹೋಗಲಿಲ್ಲ. ನನ್ನ ತಪ್ಪಿನ ಸಿಟ್ಟೆಲ್ಲ ಅವಳ ಮೇಲೆ ಹಾಕಿ ನಾನು ಹಗುರಾಗುತ್ತಿದ್ದೆ.

ಪೆನ್ನು ತೆಗೆದು ರತ್ನವ್ವನ ಸೊನ್ನೆಗೆ ಅಲ್ಲಿಯೇ ಕಪ್ಪು ತುಂಬಿದೆ. ತಂಡದ ಫರ್ಹಾನಾ ನದಾಫಳಿಗೆ ಫೋನು ಮಾಡಿ ಹೊಸ ಲೆಕ್ಕ ಹಾಕಿಸಿದೆ. ಗಣಕಯಂತ್ರ ಈ ಸಲ ವರ್ಷದ ಮಾತಾಡಲಿಲ್ಲ. ಹತ್ತು ದಿನ, ಹೆಚ್ಚೆಂದರೆ ಹದಿನಾಲ್ಕು ಎಂದಿತು.

ಹೆರಿಗೆ ಡಾಕ್ಟರನ್ನು ಕೇಳಿದೆ. ಈಗಲೇ ತೆಗೆದರೆ ಮಗು ಉಳಿಯಬಹುದು, ಉಳಿಯದೆಯೂ ಇರಬಹುದು ಎಂದರು. ಬನಶ್ರೀಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಬೈಯಲಿ ಎಂದು ಕಾದೆ.

“ನನ್ನ ಕಣ್ಣಿನ ಸಲುವಾಗಿ ಕಾಯಿ ಇದ್ದಾಗ ಹರೀಬೇಕೇನ್ರಿ? ಬ್ಯಾಡ,” ಎಂದಳು. ಆಮೇಲೆ ಮೊದಲ ಸಲ ಅವಳ ದನಿ ಒಡೆಯಿತು. “ನಾ ಬ್ಯಾರೆ ಏನೂ ಕೇಳಿದ್ದಿಲ್ಲರೀ. ಸೀರಿ ಕೇಳಲಿಲ್ಲ, ಊರು ಕೇಳಲಿಲ್ಲ. ಒಂದು ಮಾರಿ ಕೇಳಿದ್ದೆ.”

ಮುತ್ತುರಾಜ ಹೆಂಡತಿಯ ಕೈ ಹಿಡಿದುಕೊಂಡು, “ಮಗ್ಗದ್ದು ತುಂಬಿಕೊ. ನೀ ನೇಯ್ದ ಖಣ ಎಲ್ಲಾ ಹಾಸಿ ತೋರಸತೇನಿ,” ಎಂದ. ಅವಳು ಬೇಡವೆಂದು ತಲೆಯಾಡಿಸಿದಳು. ತುಸು ಹೊತ್ತು ಅವನ ಮುಖದ ಮೇಲೆ ತನ್ನ ಬಳೆಯಷ್ಟು ನೋಟವನ್ನು ಅಲ್ಲಿಂದಿಲ್ಲಿಗೆ ಓಡಿಸಿದಳು. ಹುಬ್ಬು, ಕಣ್ಣು, ಗದ್ದ. ಆಮೇಲೆ ನನ್ನ ಕೈಯಲ್ಲಿದ್ದ ವಂಶವೃಕ್ಷದ ಹಾಳೆಯ ಕಡೆಗೆ ಬೆರಳು ಮಾಡಿದಳು.

“ಮೇಡಂ, ಅದರಾಗ ಜೋಡಿ ಗೆರಿ ಎಷ್ಟು ಅದಾವ್ರಿ?”

“ಮೂರು.”

“ಅಂದ್ರ ನಮ್ಮ ಮನ್ಯಾಗ ಹೊರಗಿಂದ ಯಾರೂ ಬಂದಿಲ್ಲ. ಹಂಗಾರ ನನ್ನ ಕೂಸಿನ ಮಾರೀನೂ ಇಲ್ಲೇ ಐತಿ. ಚೂರು ಚೂರು ಆಗಿ ಎಲ್ಲಾರ ಹತ್ರ ಐತಿ. ಎಲ್ಲಾರೂ ಬಂದು ನನ್ನ ಮುಂದ ಕುಂದರ್ರಿ. ಹುಟ್ಟಿದ ಮ್ಯಾಲೆ ನಾ ಕೈಲೆ ಮುಟ್ಟಿ ಜೋಡಿಸಿಕೋತೀನಿ.”

*

ಬುಧವಾರ ಬರೆಯುವ ಕೋಣೆಯಲ್ಲಿ ಅವಳನ್ನು ಕೂರಿಸಿದೆವು. ಎದುರಿಗೆ ಒಂದು ಕುರ್ಚಿ, ಬಿಳಿ ಬೆಳಕು. ಗಾಜಿನಾಚೆ ನಾನು, ಫರ್ಹಾನಾ. ನಮ್ಮ ಪರದೆಯ ಮೇಲೆ ಚಿತ್ರ ಬರುವುದಿಲ್ಲ, ಮಿಡಿತಗಳ ಗೆರೆಗಳು ಮಾತ್ರ ಓಡುತ್ತವೆ. ಒಂಬತ್ತು ನಿಮಿಷವನ್ನು ಬನಶ್ರೀಯೇ ಹಂಚಿದ್ದಳು. ಗಂಡನಿಗೆ ಎರಡು. ಕನ್ನಡಿಯಲ್ಲಿ ತನಗೆ ಎರಡು. ತೀರಿಕೊಂಡ ತಾಯಿಯ ಫೋಟೋಕ್ಕೆ ಒಂದು. ದೊಡ್ಡವ್ವ ರತ್ನವ್ವನಿಗೆ ಎರಡು. ಆಯಿ ಸಾವಂತ್ರೆವ್ವನಿಗೆ ಎರಡು. ಸೊಲ್ಲಾಪುರದಲ್ಲಿ ಇನ್ನೊಂದು ಸಂಸಾರ ಹೂಡಿದ್ದ ಅಪ್ಪನ ಫೋಟೋ ತರಲೇ ಎಂದು ಮುತ್ತುರಾಜ ಕೇಳಿದಾಗ, “ಅಂವನ ಮೂಗು ಬಂದ್ರ ಬರಲಿ, ನಾ ನೋಡಂಗಿಲ್ಲ,” ಎಂದಿದ್ದಳು.

ಮುತ್ತುರಾಜ ಕೂತ. ನಾನು ಮೈಕಿನ ಗುಂಡಿ ಒತ್ತಿ “ನಗ್ರಿ” ಎಂದೆ. ಪಾಪ, ಹಲ್ಲು ಕಿರಿದ. ಕನ್ನಡಿಗೆ ತಾನೇ ನಕ್ಕಳು ಬನಶ್ರೀ. ಫೋಟೋದಲ್ಲಿ ತಾಯಿ ಮೊದಲೇ ನಗುತ್ತಿದ್ದಳು. ರತ್ನವ್ವನಿಗೆ ಹೇಳಿದಾಗ, “ಯಾವ ಕಡೆ ನಗಲೆವಾ?” ಎಂದು ಕೇಳಿ ಎಲ್ಲರನ್ನೂ ನಗಿಸಿ ತಾನೂ ನಕ್ಕಳು.

ಕೊನೆಗೆ ಸಾವಂತ್ರೆವ್ವ ಬಂದಳು. ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದಳು. “ಆಯಿ, ಸೆರಗು ತೆಗಿ,” ಎಂದಳು ಬನಶ್ರೀ. ತೆಗೆದಳು. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು, ಬಾಯಿ ಸೊಟ್ಟಗಾಗಿತ್ತು. ಪರದೆಯ ಮೇಲೆ ಗೆರೆಗಳು ಓಡತೊಡಗಿದವು.

“ಮೇಡಂ, ನಗಾಕ ಹೇಳ್ರಿ,” ಎಂದಳು ಫರ್ಹಾನಾ.

ಬೆರಳು ಗುಂಡಿಯ ಮೇಲೆ ಇತ್ತು. ನಾನು ಒತ್ತಲಿಲ್ಲ. ಮಾಡಿದ್ದು ಉಣ್ಣಲಿ ಎಂದುಕೊಂಡೆ. ಅತ್ತದ್ದನ್ನು ಈ ಹುಡುಗಿ ನೋಡಲಿ, ಮುದುಕಿಗೆ ಎಷ್ಟು ಸಂಕಟವಾಗಿದೆ ಎಂದು ಅವಳಿಗೂ ತಿಳಿಯಲಿ ಎಂದೂ ಸಮಜಾಯಿಷಿ ಹೇಳಿಕೊಂಡೆ.

“ಇರಲಿ ಬಿಡು. ಅಳಲಿ,” ಎಂದೆ ಫರ್ಹಾನಾಳಿಗೆ.

ಎರಡು ನಿಮಿಷ ಮುಗಿಯಿತು. ಪೊರೆ ಹೆಪ್ಪಾಯಿತು.

ಹನ್ನೊಂದನೆಯ ದಿನ ಬನಶ್ರೀಯ ಕಣ್ಣು ಪೂರ್ತಿ ಹೋಯಿತು. ತಿಂಗಳು ತುಂಬಿ ಹೆಣ್ಣುಮಗು ಹುಟ್ಟಿತು, ಗುಂಡುಗುಂಡಾಗಿ, ದೀಪದ ಕಡೆಗೆ ಕಣ್ಣು ಹೊರಳಿಸುತ್ತ. ಹೆಸರು ಬೆಳಕವ್ವ ಎಂದಿಟ್ಟರು. ಈ ಕಾಲದಲ್ಲಿ ಇದೆಂಥ ಹೆಸರು ಎಂದು ಮುತ್ತುರಾಜ ಗೊಣಗಿದನಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

*

ಆರು ತಿಂಗಳಿಗೆ ತಪಾಸಣೆಗೆ ಬಂದರು. ಪೊರೆಯಲ್ಲಿ ಯಾವ ಭಾಗ ಎಷ್ಟು ಸಲ ಓಡಿದೆ ಎಂಬ ಎಣಿಕೆ ಇರುತ್ತದೆ. ಸವಕಳಿ ನೋಡಲು ಅದನ್ನು ನಾವು ತೆಗೆಯುತ್ತೇವೆ. ಗಂಡನ ಭಾಗ ತೊಂಬತ್ತು ಸಲ. ಕನ್ನಡಿ ನಲವತ್ತು. ತಾಯಿಯ ಫೋಟೋ ನೂರಾಹತ್ತು, ದೊಡ್ಡವ್ವ ಅರವತ್ತು. ಸಾವಂತ್ರೆವ್ವನ ಎರಡು ನಿಮಿಷ ಸಾವಿರದ ಮುನ್ನೂರ ನಲವತ್ತು.

ಸಂಖ್ಯೆಯನ್ನು ನಾನು ಯಾರಿಗೂ ಹೇಳಲಿಲ್ಲ. ಆದರೆ ಸಾವಂತ್ರೆವ್ವನಿಗೆ ಹೇಗೋ ಗೊತ್ತಿತ್ತು. ಪಡಸಾಲೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. “ಅಕ್ಕಾರ, ಅಕಿ ದಿನಾ ನನ್ನ ಮಾರೀನ ನೋಡತಾಳ. ಗುಂಡಿ ಒತ್ತಿದ ಕೂಡ್ಲೆ ನನ್ನ ಹೆಸರು ಹಿಡದು ‘ಆಯಿ’ ಅಂತಾಳ. ಶಾಪ ಹಾಕಾಕ ನೋಡತಾಳೇನ್ರಿ? ಹಾಕಲಿ. ನಾ ಮಾಡಿದ್ದು ಸಣ್ಣದಲ್ಲ. ಆದ್ರ ಮಾರಿ ಮುಂದ ಬೈಯಂಗಿಲ್ಲ ಅಕಿ, ಅದ ನನಗ ತಡಕೊಳ್ಳಾಕ ಆಗವಲ್ದು.”

ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಬಾಯಿ ತೆಗೆಯುವ ಮುನ್ನವೇ ಬನಶ್ರೀ ಹೇಳಿದಳು, “ಹೊರಗ ಆಡಿದ ಮಾತು ನನಗ ಕೇಳತಾವ ಆಯಿ. ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲ. ಬಾ ಇಲ್ಲೆ.”

ಮುದುಕಿ ಹತ್ತಿರ ಕೂತಳು. ಬನಶ್ರೀ ತೊಡೆಯ ಮೇಲಿದ್ದ ಮಗುವಿನ ಹಣೆಯಿಂದ ಬೆರಳನ್ನು ಮೆಲ್ಲಗೆ ಇಳಿಸಿದಳು. “ಹುಟ್ಟಿದ ಮೂರನೇ ದಿನ ಮುಟ್ಟಿ ಮುಟ್ಟಿ ನೋಡಿದೆ. ಮುತ್ತುರಾಜ ಮಾವಂದು ಹುಬ್ಬಲ್ಲ. ನನ್ನ ಗದ್ದ ಅಲ್ಲ. ಅವ್ವಂದೂ ಅಲ್ಲ. ಈ ಮೂಗು, ಇಲ್ಲಿ ನಡುವ ಏರಿ ಇಳದದ್ದು, ನಿಂದು. ಈ ತುಟಿ ನಿಂದು. ಗಲ್ಲದ ಎಲುಬು ನಿಂದು. ಚೂರು ಚೂರು ಹುಡಕಬೇಕಾಗತೈತಿ ಅಂದ್ಕೊಂಡಿದ್ದೆ, ಇದು ಅಡಿಯಿಂದ ಮುಡಿತನಕ ನೀನ ಆಗಿ ಹುಟ್ಟೇತಿ. ನಿನ್ನ ಮಾರಿ ಬಿಟ್ರ ನನ್ನ ಕೂಸಿನ ಮಾರಿ ನನಗ ಬ್ಯಾರೆ ಎಲ್ಲೂ ಇಲ್ಲ ಆಯಿ.”

ಬನಶ್ರೀ ಕಿವಿಯ ಹಿಂದೆ ಕೈ ಒಯ್ದು ಗುಂಡಿ ಒತ್ತಿ “ಆಯಿ” ಎಂದಳು. ಅವಳ ಕುರುಡು ಕಣ್ಣುಗಳು ಗೋಡೆಯ ಕಡೆಗೆ ಇದ್ದವು, ಮುಖದಲ್ಲಿ ಮಾತ್ರ ಯಾರನ್ನೋ ಎದುರಿಗೆ ಕಂಡ ಕಳೆ.

“ಒಂದೇ ಒಂದು ಮಾತು,” ಎಂದಳು. “ಆವತ್ತು ನೀ ಯಾಕ ಅತ್ತೀ? ಇದು ಇಲ್ಲೆ ತೊಡಿ ಮ್ಯಾಲೆ ಕಿಲಕಿಲ ನಗತಿರತೈತಿ, ನಾ ನೋಡಾಕ ಹೋದ್ರ ಅಳತಿರತೈತಿ. ಯಾವಾಗ ನೋಡಿದ್ರೂ ನನ್ನ ಕೂಸು ಅಳತೈತಿ. ಒಂದೀಟು ನಕ್ಕಿದ್ರ ಏನಾಗತಿತ್ತು ಆಯಿ?”

ಅಳು ಸಾವಂತ್ರೆವ್ವನದು. ಆದರೆ ಅದು ಅವಳ ತಪ್ಪಲ್ಲ ಎಂದು ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ನನ್ನ ಅಪ್ಪನ ಕಣ್ಣೊಳಗೆ ಇಪ್ಪತ್ತೆರಡು ವರ್ಷ ಗಲ್ಲ ಉಬ್ಬಿಸಿಕೊಂಡು ನಿಂತವಳು ನಾನು. ಗೊತ್ತಿದ್ದೂ ಗುಂಡಿ ಒತ್ತದೆ ಬಿಟ್ಟವಳೂ ನಾನೇ.

“ಬನಶ್ರೀ, ನಾ ಹೇಳಲಿಲ್ಲ. ಎಲ್ಲಾರಿಗೂ ನಗ್ರಿ ಅಂದೆ, ಅವರಿಗೆ ಅನಲಿಲ್ಲ. ಸಿಟ್ಟಿತ್ತು ನನಗ,” ಎಂದೆ.

ಅವಳು ನನ್ನ ದನಿಯ ಕಡೆಗೆ ಮುಖ ತಿರುಗಿಸಿದಳು. ಆಮೇಲೆ ಮತ್ತೆ ಆಯಿಯ ಕಡೆಗೆ ಹೊರಳಿದಳು.

ಸಾವಂತ್ರೆವ್ವ ಸೆರಗಿನಿಂದ ಮುಖವನ್ನು ಗಸಗಸ ಒರೆಸಿಕೊಂಡಳು. ಬನಶ್ರೀಯ ಬಲಗೈ ಹಿಡಿದು ತನ್ನ ಗಲ್ಲದ ಮೇಲೆ ಇಟ್ಟುಕೊಂಡಳು. ತುಟಿಯನ್ನು ಎರಡೂ ಕಡೆಗೆ ಎಳೆದು, ಎಪ್ಪತ್ತಮೂರು ವರ್ಷದ ಬೊಚ್ಚುಬಾಯಿ ತೆರೆದು ನಕ್ಕಳು. ಕಣ್ಣಲ್ಲಿ ನೀರು ಹರಿಯುತ್ತಲೇ ಇತ್ತು, ಆದರೂ ನಗು ಬಿಡಲಿಲ್ಲ.

“ನೋಡು, ಈಗ ನಗಾಕ ಹತ್ತೇನಿ. ಚೆಂದಗ ನೋಡಿಕೊ,” ಎಂದಳು.

ಬನಶ್ರೀ ಎಡಗೈಯನ್ನು ಮಗುವಿನ ಗಲ್ಲದ ಮೇಲೆ ಇಟ್ಟಳು. ಎರಡೂ ಕೈಗಳನ್ನು ಹಾಗೆಯೇ ಬಹಳ ಹೊತ್ತು ಇಟ್ಟುಕೊಂಡಿದ್ದಳು. ಕಿವಿಯ ಹಿಂದಿನ ಗುಂಡಿಯನ್ನು ಅವಳು ಇನ್ನೂ ಆರಿಸಿರಲಿಲ್ಲ.